ಫ್ಲೆಕ್ಸಿನ ಮೇಲಿನ ಹೆಂಡತಿ

ಪ್ಲಾಸಿದೊ ಮಕರೈಗನ ನೆಮ್ಮದಿ ಕೆಡಿಸಿದ್ದು ಒಂದು ಕುತ್ತಿಗೆ.

ಎದುರು ಸಾಲಿನ ಅಂಗಡಿಯವರು ಬಾಗಿಲ ಮೇಲೆ ಹೊಸ ಫ್ಲೆಕ್ಸ್ ಕಟ್ಟಿಸಿದ್ದರು. ಅದರಲ್ಲಿ ಮನಿಲಾದ ಯಾರೋ ಮಾಡೆಲ್ ಹುಡುಗಿ ಮದುವೆಯ ಉಡುಪು ತೊಟ್ಟು, ನಮ್ಮ ಊರಿನ ಕಡೆ ನೋಡುವುದೇ ತನಗೊಂದು ಶಿಕ್ಷೆ ಎನ್ನುವಂತೆ ಮುಖ ಓರೆ ಮಾಡಿ ನಿಂತಿದ್ದಳು. ಅವಳ ಕುತ್ತಿಗೆ ಗದ್ದದ ಕೆಳಗೆ ಶುರುವಾಗಿ, ಇಳಿದು, ಇನ್ನೂ ಇಳಿದು, ಬೇರೆ ದಾರಿ ಕಾಣದೆ ಕೊನೆಗೆ ಹೆಗಲಿಗೆ ಬಂದು ಸೇರುತ್ತಿತ್ತು. ಪ್ಲಾಸಿದೊ ಬೆಳಗಿನ ಕಾಫಿ ಹಿಡಿದು ಅಂಗಡಿ ಮುಂದೆ ಕೂತರೆ ಆ ಕುತ್ತಿಗೆ. ಮಧ್ಯಾಹ್ನ ಅನ್ನ, ಹುರಿದ ತಿಲಾಪಿಯಾ ಮೀನು ಉಂಡು ಹಲ್ಲುಕಡ್ಡಿ ಹಿಡಿದು ಹೊರಗೆ ಬಂದರೆ ಅದೇ ಕುತ್ತಿಗೆ.

"ನಮಗೂ ಒಂದು ಬೇಕು ಕಣೇ," ಎಂದ ಹೆಂಡತಿಗೆ.

"ಏನು ಬೇಕು?"

"ಕುತ್ತಿಗೆ. ಅಂದ್ರೆ, ಫ್ಲೆಕ್ಸು."

ಹೆಂಡತಿ ಲೂಮಿಂಗ್ ಚೌಕಟ್ಟಿಗೆ ಬಿಗಿದ ಬಟ್ಟೆಯಿಂದ ತಲೆ ಎತ್ತಲಿಲ್ಲ. ಲಾಗೂನಾ ಸರೋವರದ ದಂಡೆಯ ಸಾಂತಾ ಬಿಬಿಯಾನಾದಲ್ಲಿ ಅರ್ಧ ಊರಿನ ಹೆಂಗಸರು ಅನಾನಸ್ ನಾರಿನ ಬಟ್ಟೆಯ ಮೇಲೆ ಕಸೂತಿ ಹಾಕಿ ಬದುಕುವವರು. ಅವರಲ್ಲೆಲ್ಲ ಲೂಮಿಂಗಳ ಕೈ ಒಂದು ಕೈ ಮೇಲು ಎಂದು ಅವಳನ್ನು ಕಂಡರಾಗದವರೂ ಒಪ್ಪುತ್ತಿದ್ದರು. ಪ್ಲಾಸಿದೊ ಮುಂಚೆ ಐಸ್ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಹೆಂಡತಿಯ ಅಂಗಡಿಗೆ ಮ್ಯಾನೇಜರಾದ. ಈ ಹುದ್ದೆಯ ಕೆಲಸವೆಂದರೆ ಬಾಗಿಲಲ್ಲಿ ಕೂತು ಅಭಿಪ್ರಾಯ ಹೇಳುವುದು. ಅದರಲ್ಲಿ ಅವನು ಒಂದು ದಿನವೂ ರಜೆ ಹಾಕಿದವನಲ್ಲ.

"ಕಸೂತಿ ನೋಡಿ ಬರೋರು ಬಂದೇ ಬರ್ತಾರೆ. ಮುಖ ನೋಡಿ ಬಂದೋರು ಇಲ್ಲಿ ಏನ್ ಮಾಡ್ತಾರೆ?" ಎಂದಳು ಲೂಮಿಂಗ್.

"ಕಾಲ ಬದಲಾಗಿದೆ ಕಣೇ. ಈಗಿನವರು ಮೊದಲು ಮುಖ ನೋಡ್ತಾರೆ, ಆಮೇಲೆ ಒಳಗೆ ಬರ್ತಾರೆ. ಮನಿಲಾದಿಂದ ಮಾಡೆಲ್ ತರಿಸೋ ತಾಕತ್ತು ನಮಗಿಲ್ಲ, ಒಪ್ಕೋತೀನಿ. ಆದ್ರೆ ಮಾಡೆಲ್ ಮನೇಲೇ ಇರುವಾಗ ತರಿಸೋದ್ಯಾಕೆ?"

ಲೂಮಿಂಗ್ ಸೂಜಿ ನಿಲ್ಲಿಸಿ, ಗಂಡ ಬೆಳಿಗ್ಗೆಯೇ ಕುಡಿದಿದ್ದಾನೆಯೇ ಎಂದು ಮುಖ ನೋಡಿದಳು. ಕುಡಿದಿರಲಿಲ್ಲ. ಅವಳಿಗೆ ಐವತ್ತು ದಾಟಿತ್ತು. ಹೆಂಚಿನ ಬಣ್ಣದ ಮೈ, ಅಗಲ ಮೂಗು, ತುಟಿಯ ಮೇಲೊಂದು ಮಚ್ಚೆ, ಚೌಕಟ್ಟಿನ ಮೇಲೆ ಬಾಗಿ ಬಾಗಿ ದುಂಡಗಾದ ಹೆಗಲು. ಇಡೀ ಪ್ರಾಂತದ ಮದುಮಕ್ಕಳಿಗೆ ಹೊಲಿದುಕೊಟ್ಟವಳು ತನ್ನ ಮದುವೆಗೆ ಉಟ್ಟಿದ್ದು ಚಿಕ್ಕಮ್ಮನಿಂದ ಕೇಳಿ ತಂದ, ಬೆನ್ನಿಗೆ ಪಿನ್ನು ಚುಚ್ಚಿ ಬಿಗಿ ಮಾಡಿದ ಉಡುಪು. ಆಮೇಲೆ ತನ್ನ ಕಸೂತಿಯನ್ನು ತಾನು ಒಮ್ಮೆಯೂ ಮೈಮೇಲೆ ಹಾಕಿಕೊಂಡಿರಲಿಲ್ಲ.

ಅವಳು ಮತ್ತೆ ಹೊಲಿಯತೊಡಗಿದಳು. ಒಂದು ಹೂವು ಮುಗಿಸಿದಳು.

"ಯಾರಿಗೂ ಹೇಳಬಾರದು ಮತ್ತೆ," ಎಂದಳು ಕೊನೆಗೆ.

ಹೀಗೆ ಯಾರಿಗೂ ಹೇಳದೆ, ಊರೆಲ್ಲ ನಿದ್ದೆ ಹೊಡೆಯುವ ಮಧ್ಯಾಹ್ನ ಇಬ್ಬರೂ ಹೆನ್ಯೋನ ಸ್ಟುಡಿಯೋಗೆ ಹೋದರು. ಹೆನ್ಯೋ ಎಂದರೆ ಮೇಧಾವಿ ಎಂದರ್ಥ, ಆ ಹೆಸರನ್ನು ಅವನಿಗೆ ಇಟ್ಟವನೂ ಅವನೇ. ಊರಿನ ಫ್ಲೆಕ್ಸೆಲ್ಲ ಅವನ ಯಂತ್ರದಿಂದಲೇ ಹೊರಬೀಳಬೇಕು. ಪದವಿ ಪಡೆದ ಹುಡುಗಿಯರು, ಚುನಾವಣೆಗೆ ನಿಂತವರು, ತೀರಿಹೋದ ಅಜ್ಜಂದಿರು ಎಲ್ಲರೂ ಅವನ ಕೈಯಲ್ಲಿ ಹಾಯ್ದು ಬಂದರೆ ಒಂದೇ ಬಸಿರಿನ ಮಕ್ಕಳಂತೆ ಬೆಳ್ಳಗೆ, ನುಣ್ಣಗೆ ಕಾಣುತ್ತಿದ್ದರು. ಲೂಮಿಂಗ್ ಬಿಗಿದುಕೊಂಡು ನಿಂತಳು. ಚಿಟ್ಟೆಯ ರೆಕ್ಕೆಯಂತೆ ಎದ್ದ ತೋಳಿನ ಉಡುಪಿನ ತುಂಬ ಅವಳೇ ಹಾಕಿದ ಮಲ್ಲಿಗೆ ಬಳ್ಳಿ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. "ನಗಮ್ಮಾ" ಎಂದರೆ ಹಲ್ಲುನೋವಿನವಳಂತೆ ತುಟಿ ಎಳೆದಳು. ಅಷ್ಟರಲ್ಲಿ ಸ್ಟುಡಿಯೋದ ಬೆಕ್ಕು ಬಂದು ನೆಲಕ್ಕೆ ಹರಡಿದ ಉಡುಪಿನ ಅಂಚಿನ ಮೇಲೆ ತನ್ನ ಮನೆಯೆಂಬಂತೆ ಮಲಗಿತು. ಲೂಮಿಂಗ್ ನಕ್ಕುಬಿಟ್ಟಳು. ಹೆನ್ಯೋ ಕ್ಯಾಮೆರಾ ಒತ್ತಿದ.

ಮರುದಿನವೇ ಬತಂಗಾಸ್‌ನಿಂದ ಫೋನು. ತಂಗಿಯ ಮಗಳಿಗೆ ಹೆರಿಗೆ. ಲೂಮಿಂಗ್ ಬಾಣಂತನಕ್ಕೆ ಹೊರಟುಹೋದಳು. ಪ್ಲಾಸಿದೊ ಫ್ಲೆಕ್ಸಿನ ಉಸ್ತುವಾರಿ ವಹಿಸಿಕೊಂಡ. ಮುಂದಿನ ಅನಾಹುತಕ್ಕೆ ಈ ಒಂದು ವಾಕ್ಯವೇ ಸಾಕಾದ ಕಾರಣ.

"ಸ್ವಲ್ಪ ತಿದ್ದಲಾ?" ಎಂದ ಹೆನ್ಯೋ ಕಂಪ್ಯೂಟರ್ ಮುಂದೆ.

"ಸ್ವಲ್ಪ," ಎಂದ ಪ್ಲಾಸಿದೊ.

ಹೆನ್ಯೋ ಮಚ್ಚೆ ತೆಗೆದ. ನೊಣ ಎದ್ದು ಹೋದಂತೆ ಹೋಯಿತು. ಪ್ಲಾಸಿದೊಗೆ ಮೋಜೆನಿಸಿತು. ಹೆನ್ಯೋ ಮೈಬಣ್ಣ ತಿಳಿ ಮಾಡಿದ. ಮೈ ಬೆಳ್ಳಗಾದ ಮೇಲೆ ಮೂಗು ದೊಡ್ಡದಾಗಿ ಕಂಡಿತು, ಮೂಗು ಚಿಕ್ಕದು ಮಾಡಿದ. ಮೂಗು ಚಿಕ್ಕದಾದ ಮೇಲೆ ಕೆನ್ನೆ ಹೆಚ್ಚಾಯಿತು, ಕೆನ್ನೆ ಕೆತ್ತಿದ. ಕೆನ್ನೆ ಇಳಿದ ಮೇಲೆ ತೋಳು ಬೇರೆ ಯಾರದ್ದೋ ಎಂಬಂತಾಯಿತು, ತೋಳು ತೆಳ್ಳಗೆ ಮಾಡಿದ. ಒಂದೊಂದು ಹೆಜ್ಜೆಯಲ್ಲೂ ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಹಿಂದಿನ ಹೆಜ್ಜೆ ಇಟ್ಟ ಮೇಲೆ ಮುಂದಿನದು ಇಡದೆ ಗತಿಯಿರಲಿಲ್ಲ. ಪ್ಲಾಸಿದೊ ತಲೆಯಾಡಿಸುತ್ತ ಕೂತ.

"ಕುತ್ತಿಗೆ?" ಎಂದ ಹೆನ್ಯೋ.

ಪ್ಲಾಸಿದೊ ಮುಂದಕ್ಕೆ ಬಾಗಿ ಕೂತ. "ಎದುರು ಅಂಗಡಿಯವಳದಕ್ಕಿಂತ ಒಂದು ಬೆರಳು ಜಾಸ್ತಿ ಇರ್ಲಿ."

ಕಡೆಗೆ ಹೆನ್ಯೋ ಇಡೀ ಚಿತ್ರದ ಮೇಲೆ ಒಂದು ನುಣುಪು ಸವರಿದ. ಬಟ್ಟೆಯೆಲ್ಲ ಹಾಲಿನ ಕೆನೆಯಂತೆ ಹೊಳೆಯಿತು. ಕೆಳಗೆ ಬರೆಸಲು ಪ್ಲಾಸಿದೊ ತಾನೇ ಯೋಚಿಸಿ ಒಂದು ಸಾಲು ತಂದಿದ್ದ. ‘ಲೂಮಿಂಗ್ ಕಸೂತಿ ಮನೆ. ಹೊಸ ರೂಪ, ಹೊಸ ಬಾಳು!’

ಏಣಿ ಹತ್ತಿ ಫ್ಲೆಕ್ಸ್ ಕಟ್ಟಿ ಇಳಿಯುವಷ್ಟರಲ್ಲಿ ಪಕ್ಕದ ಚಾಯೋಂಗ್ ಬಂದು ನಿಂತಿದ್ದಳು. ಚಾಯೋಂಗ್ ಪುತೊ ಎಂಬ ಅಕ್ಕಿಯ ಸಿಹಿ ಕಡುಬು ಬೇಯಿಸಿ ಮಾರುವವಳು. ಕೇರಿಯ ಸುದ್ದಿಯೂ ಅವಳ ಹಬೆಪಾತ್ರೆಯಲ್ಲಿ ಬೆಂದೇ ಹೊರಗೆ ಬರಬೇಕು.

"ಯಾರು ಪ್ಲಾಸಿದಣ್ಣ ಅದು?"

ಪ್ಲಾಸಿದೊ ಎದೆಯುಬ್ಬಿಸಿ, "ನನ್ನ ಹೆಂಡ್ತಿ," ಎಂದ.

ಚಾಯೋಂಗ್ ಫ್ಲೆಕ್ಸ್ ನೋಡಿದಳು. ಅವನನ್ನು ನೋಡಿದಳು. ಕೆಳಗಿನ ಸಾಲನ್ನು ತುಟಿಯಲ್ಲೇ ಓದಿಕೊಂಡಳು. ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು.

"ಆಗ್ಲೇ ಹೆಂಡ್ತಿ ಅಂತಾನೂ ಕರಿಯೋಕೆ ಶುರು ಮಾಡಿದೀಯಾ?"

"ಮತ್ತೇನಂತ ಕರೀಲಿ? ಚರ್ಚಲ್ಲಿ ಕೈ ಹಿಡಿದಿಲ್ವಾ?"

"ಚರ್ಚಲ್ಲಿ ಬೇರೆ!" ಎಂದು ಚಾಯೋಂಗ್ ಪುತೊ ತಟ್ಟೆಯನ್ನೂ ಬಿಟ್ಟು ಮನೆಯೊಳಗೆ ಓಡಿದಳು. ಪ್ಲಾಸಿದೊ ಇದು ಮೆಚ್ಚುಗೆಯ ಓಟವೆಂದು ತಿಳಿದ. ತಟ್ಟೆಯಿಂದ ಎರಡು ಪುತೊ ತಿಂದ.

ಮಧ್ಯಾಹ್ನದೊಳಗೆ ಕಥೆ ಪೂರ್ತಿ ಬೆಂದಿತ್ತು. ಲೂಮಿಂಗ್ ಬಾಣಂತನಕ್ಕೆ ಹೋಗಿದ್ದಲ್ಲ, ಗಂಡನೇ ಓಡಿಸಿದ್ದು. ಮನಿಲಾದವಳೊಬ್ಬಳನ್ನು ಇಟ್ಟುಕೊಂಡಿದ್ದಾನೆ. ಲೂಮಿಂಗ್ ಕಣ್ಣು ಸವೆಸಿ ಹೊಲಿದ ಉಡುಪನ್ನೇ ಅವಳಿಗೆ ತೊಡಿಸಿದ್ದಾನೆ. ಚಾಯೋಂಗಳಿಗೆ ಆ ಉಡುಪು ಚೆನ್ನಾಗಿ ಗೊತ್ತು, ಅದು ದಿನದಿನವೂ ಬೆಳೆದದ್ದನ್ನು ಕಿಟಕಿಯಿಂದ ನೋಡಿದವಳು. "ಅದೇ ತೋಳು, ಅದೇ ಬಣ್ಣ. ಆದ್ರೆ ಒಂದು ಹೂವೂ ಇಲ್ಲ! ಆ ಬಿನ್ನಾಣಗಿತ್ತಿ ‘ಅವಳ ಕೈಯ ಹೂವು ನನಗೆ ಬೇಡ’ ಅಂದಿದಾಳೆ. ಇವನು ಕೂತ್ಕೊಂಡು ಒಂದೊಂದೇ ಎಳೆ ಕಿತ್ತಿದಾನೆ!" ಎಂದು ಅವಳು ಹೇಳುವಾಗ ಕೇಳಿದವರ ಕಣ್ಣಲ್ಲಿ ನೀರು ಬಂತು.

ಇದಾವುದೂ ತಿಳಿಯದ ಪ್ಲಾಸಿದೊಗೆ ಅಂದು ವ್ಯಾಪಾರ ಜೋರು. ಎಂದೂ ಬಾರದವರು ಬಂದು ಅಂಗಡಿಯೊಳಗೆ ಇಣುಕಿ, ಪರದೆ ಸರಿಸಿ, ಕುರ್ಚಿಯ ಹಿಂದೆ ನೋಡಿ ಏನೂ ಕೊಳ್ಳದೆ ಹೋದರು. ಕಲಾಂಬಾದಿಂದ ಬಂದ ಒಬ್ಬ ಮದುಮಗಳು ಮಾತ್ರ ನಿಜವಾದ ಗಿರಾಕಿ. ಅವಳು ಗೋಡೆಗೆ ತೂಗುಹಾಕಿದ ಕಸೂತಿಯನ್ನೆಲ್ಲ ನೋಡಿ ಬೇಸರದಿಂದ, "ಇದಲ್ಲ ಅಂಕಲ್. ಹೊರಗೆ ಹಾಕಿದೀರಲ್ಲ, ನುಣ್ಣಗೆ, ಏನೂ ಇಲ್ಲದ್ದು, ಅದು ಬೇಕು," ಎಂದಳು.

"ಏನೂ ಇಲ್ಲದ್ದು ಅಂದ್ರೆ?"

"ಹೊಲಿಗೆ ಇಲ್ಲದ್ದು."

ಕಸೂತಿ ಮನೆಯ ಮ್ಯಾನೇಜರ್ ಹೊರಗೆ ಬಂದು ಕತ್ತೆತ್ತಿ ನೋಡಿದ. ಎಲ್ಲೋ ಏನೋ ತಪ್ಪಿದೆ ಎಂಬ ಅನುಮಾನ ಅವನಿಗೆ ಮೊದಲ ಬಾರಿಗೆ ಬಂದದ್ದು ಆಗಲೇ. ಆದರೆ ಅದನ್ನು ಯೋಚಿಸಲು ಸಮಯ ಸಿಗಲಿಲ್ಲ. ಬೀದಿಯ ಕೊನೆಯಲ್ಲಿ ಲೂಮಿಂಗಳ ಅಣ್ಣ ತೆಬಾನ್ ಬರುತ್ತಿದ್ದ.

ತೆಬಾನ್ ಮದುವೆ ಮನೆಗಳಿಗೆ ಇಡೀ ಹಂದಿ ಸುಟ್ಟುಕೊಡುವವನು. ಹಂದಿಯನ್ನು ಬಾಯಿಂದ ಬಾಲದವರೆಗೆ ಪೋಣಿಸುವ ಬಿದಿರ ಗಳ ಅವನ ಹೆಗಲ ಮೇಲಿತ್ತು. ಕೆಲಸಕ್ಕೆ ಹೊರಟವನು ದಾರಿಯಲ್ಲಿ ಬಂದದ್ದಷ್ಟೆ. ಆದರೆ ಗಳದ ಚೂಪು ತುದಿಯನ್ನೂ ತನ್ನ ಹೊಟ್ಟೆಯ ಎತ್ತರವನ್ನೂ ಒಟ್ಟಿಗೆ ಅಂದಾಜು ಮಾಡಿದ ಪ್ಲಾಸಿದೊ ಮೇಜಿನ ಹಿಂದಕ್ಕೆ ಸರಿದ.

"ಭಾವ, ಹೊರಗೆ ಬಾ."

"ಇಲ್ಲಿಂದಲೇ ಕೇಳಿಸುತ್ತೆ, ಹೇಳು."

"ಎಲ್ಲಿ ಅವಳು?"

"ಯಾರು, ಲೂಮಿಂಗಾ? ಬತಂಗಾಸ್‌ನಲ್ಲಿದಾಳಲ್ಲ."

"ನನ್ನ ತಂಗಿ ಎಲ್ಲಿದಾಳೆ ಅಂತ ನನಗೆ ಗೊತ್ತು. ಮೇಲಿರೋಳು ಎಲ್ಲಿ?"

"ಮೇಲಿರೋಳೂ ಬತಂಗಾಸ್‌ನಲ್ಲೇ ಇದಾಳೆ! ಇಬ್ರೂ ಒಬ್ಳೇ!"

ತೆಬಾನ್ ಗಳವನ್ನು ನೆಲಕ್ಕೂರಿದ. "ಒಂದೇ ಊರಲ್ಲಿ ಇಬ್ಬರನ್ನೂ ಇಟ್ಟಿದೀಯಲ್ಲೋ, ನಿನ್ನ ಎದೆಗಾರಿಕೆಗೆ ಏನು ಹೇಳಲೋ!"

ಪ್ಲಾಸಿದೊ ಹೆಂಡತಿಗೆ ಫೋನ್ ಮಾಡಿದ. ಲೈನ್ ಬಿಡುವಿಲ್ಲ. ಮತ್ತೆ ಮಾಡಿದ, ಬಿಡುವಿಲ್ಲ. ಪಕ್ಕದ ಮನೆಯಿಂದ ಚಾಯೋಂಗಳ ದನಿ, "ಹೌದು ಕಣೇ ಲೂಮಿಂಗ್, ನನ್ನ ಕಣ್ಣಾರೆ! ಬೆಳ್ಳಗೆ, ಉದ್ದಕ್ಕೆ, ಕೊಕ್ಕರೆ ಥರ!" ಎಂದು ಕೇಳಿಸಿದಾಗ ಲೈನ್ ಏಕೆ ಬಿಡುವಿಲ್ಲವೆಂದು ತಿಳಿಯಿತು. ಕೊನೆಗೆ ಸಿಕ್ಕಿದ ಲೂಮಿಂಗ್ ಹೇಳಿದ್ದು ಇಷ್ಟೇ. "ನಾಳೆ ಬಸ್ಸಿಗೆ ಬರ್ತೀನಿ." ಆಮೇಲೆ ಫೋನ್ ಆಫ್.

ಅಂದು ಸಂಜೆ ಕೇರಿಯ ಕಚೇರಿಯಲ್ಲಿ ಪಂಚಾಯಿತಿ ಕೂತಿತು. ನಡೆಸಿಕೊಟ್ಟವನು ಕೇರಿಯ ಮುಖ್ಯಸ್ಥ ಕಪಿತಾನ್ ಮಾಕ್ಸಿಮೊ. ಅವನ ಬೆನ್ನ ಹಿಂದೆ ಅವನದೇ ದೊಡ್ಡ ಫ್ಲೆಕ್ಸ್ ಇತ್ತು. ಅದರಲ್ಲಿ ಅವನು ಊರಿನವರಿಗೆಲ್ಲ ಹಬ್ಬದ ಶುಭಾಶಯ ಕೋರುತ್ತಿದ್ದ. ಕುರ್ಚಿಯಲ್ಲಿ ಕೂತ ಕಪಿತಾನನಿಗೆ ತಲೆಯಲ್ಲಿ ಕೂದಲಿಲ್ಲ, ಗದ್ದ ಎರಡು. ಗೋಡೆಯ ಕಪಿತಾನನಿಗೆ ಕೂದಲು ಹುಬ್ಬಿನವರೆಗೆ, ಗದ್ದ ಅರ್ಧ.

"ಪ್ಲಾಸಿದೊ, ಆ ಹೆಣ್ಣುಮಗಳು ಯಾರು ಅಂತ ಹೇಳಿಬಿಡು. ಮುಚ್ಚಿಟ್ರೆ ನಿನಗೇ ಕಷ್ಟ."

"ಕಪಿತಾನ್, ದೇವರಾಣೆ ಅದು ಲೂಮಿಂಗೇ. ಹೆನ್ಯೋ ಕಂಪ್ಯೂಟರಲ್ಲಿ ಸ್ವಲ್ಪ ತಿದ್ದಿದ."

"ಸ್ವಲ್ಪ?" ಎಂದಳು ಚಾಯೋಂಗ್. "ಅದು ಲೂಮಿಂಗ್ ಆದ್ರೆ ನಾನು ಪೋಪ್!"

"ಅವನು ಎಲ್ಲರದನ್ನೂ ತಿದ್ದುತ್ತಾನೆ ಕಣ್ರೀ! ನೋಡಿ ಬೇಕಾದ್ರೆ," ಎಂದು ಪ್ಲಾಸಿದೊ, ತಪ್ಪಿಸಿಕೊಳ್ಳುವ ಆತುರದಲ್ಲಿ, ಕಪಿತಾನನ ಹಿಂದಿನ ಗೋಡೆಯ ಕಡೆ ಕೈ ತೋರಿಸಿದ.

ಯಾರೂ ಗೋಡೆ ನೋಡಲಿಲ್ಲ. ಕೆಲವರು ನೆಲ ನೋಡಿದರು, ಕೆಲವರು ಫ್ಯಾನು ನೋಡಿದರು. ಚಾಯೋಂಗಳ ಮಗಳು ನರ್ಸಿಂಗ್ ಮುಗಿಸಿದಾಗ ಹಾಕಿಸಿದ ಫ್ಲೆಕ್ಸ್ ಇನ್ನೂ ಅವರ ಗೇಟಿನ ಮೇಲಿತ್ತು. ಅದನ್ನು ನೋಡಿಯೇ ಸೌದಿಯಲ್ಲಿದ್ದ ವರನ ಕಡೆಯವರು ಮಾತುಕತೆಗೆ ಬಂದಿದ್ದರು.

"ಹೆನ್ಯೋನ ಕರೀರಿ," ಎಂದ ಕಪಿತಾನ್, ದನಿ ತಗ್ಗಿಸಿ.

ಹೆನ್ಯೋ ಬಂದ. ಕಪಿತಾನನನ್ನು ನೋಡಿದ, ಚಾಯೋಂಗಳನ್ನು ನೋಡಿದ, ಸಾಲಾಗಿ ಕೂತ ತನ್ನ ಗಿರಾಕಿಗಳನ್ನೆಲ್ಲ ನೋಡಿದ. ಯಾರ ಕಣ್ಣಲ್ಲೂ ಸತ್ಯದ ಹಸಿವು ಕಾಣಲಿಲ್ಲ. ಅವನಿಗೆ ಮೇಧಾವಿ ಎಂಬ ಹೆಸರು ಸುಮ್ಮನೆ ನಿಂತದ್ದಲ್ಲ.

"ನಾನು ಯಾರ ಮುಖಕ್ಕೂ ಕೈ ಹಚ್ಚೋನಲ್ಲ ಕಪಿತಾನ್," ಎಂದ. "ದೇವರು ಕೊಟ್ಟಿದ್ದನ್ನ ದೊಡ್ಡದು ಮಾಡಿ ಅಚ್ಚು ಹಾಕ್ತೀನಿ, ಅಷ್ಟೆ."

ಸಭೆಯಲ್ಲಿ ಎಲ್ಲರ ಹೆಗಲೂ ಒಟ್ಟಿಗೆ ಕೆಳಗಿಳಿದವು. ಕಪಿತಾನ್ ಬೋಳುತಲೆಯ ಮೇಲೆ ಕೈಯಾಡಿಸಿಕೊಂಡು ತೀರ್ಪು ಕೊಟ್ಟ. ಚಿತ್ರ ತಿದ್ದಿದ್ದಲ್ಲ ಎಂದಮೇಲೆ ಆ ಹೆಂಗಸು ಇದ್ದಾಳೆ. ಇದ್ದಾಳೆ ಎಂದಮೇಲೆ ಎಲ್ಲೋ ಇರಬೇಕು. ಪ್ಲಾಸಿದೊ ಶನಿವಾರದೊಳಗೆ ಅವಳನ್ನು ಕರೆತಂದು ಒಪ್ಪಿಸತಕ್ಕದ್ದು.

"ಇಲ್ಲದವಳನ್ನ ಎಲ್ಲಿಂದ ತರಲಿ?" ಎಂದು ಕೂಗಿದ ಪ್ಲಾಸಿದೊ.

"ಅದನ್ನ ಇಟ್ಕೊಳ್ಳೋ ಮುಂಚೆ ಯೋಚಿಸಬೇಕಿತ್ತು," ಎಂದಳು ಚಾಯೋಂಗ್.

ಮರುದಿನ ಲೂಮಿಂಗ್ ಬರುವ ಹೊತ್ತಿಗೆ ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಜನ ಕೂತಿದ್ದರು. ಚಾಯೋಂಗಳ ಪುತೊ ಬಿಸಿಬಿಸಿಯಾಗಿ ಖಾಲಿಯಾಗುತ್ತಿತ್ತು. ತೆಬಾನ್ ಗಳವಿಲ್ಲದೆ ಬಂದಿದ್ದ, ಆದರೆ ತೋಳು ಮಡಚಿದ್ದ. ಕಪಿತಾನ್ ಶಾಂತಿಪಾಲನೆಗೆಂದು ಹಾಜರಿದ್ದ. ಪ್ಲಾಸಿದೊ ಬಾಗಿಲಲ್ಲಿ ನಿಂತಿದ್ದ, ತನ್ನದೇ ಅಂಗಡಿಗೆ ಕಳ್ಳತನಕ್ಕೆ ಬಂದು ಸಿಕ್ಕಿಬಿದ್ದವನಂತೆ.

ಬಾಡಿಗೆ ಟ್ರೈಸಿಕಲ್ಲಿನಿಂದ ಲೂಮಿಂಗ್ ಇಳಿದಳು. ಕೈಯಲ್ಲಿ ಬಾಣಂತಿ ಮನೆಯ ಚೀಲ. ಯಾರನ್ನೂ ಮಾತಾಡಿಸದೆ ಫ್ಲೆಕ್ಸಿನ ಕೆಳಗೆ ನಿಂತು ಮೇಲೆ ನೋಡಿದಳು. ಬಹಳ ಹೊತ್ತು ನೋಡಿದಳು. ಮೊದಲು ಅವಳ ಮುಖದಲ್ಲಿ ಇದ್ದದ್ದು, ಆ ಹೆಂಗಸು ಯಾರಿರಬಹುದೆಂಬ ಪ್ರಶ್ನೆಯೇ. ಅದನ್ನು ಪ್ಲಾಸಿದೊ ಕಂಡ. ಗಳದ ತುದಿ ಕಂಡಾಗಲೂ ಅವನು ಅಷ್ಟು ಹೆದರಿರಲಿಲ್ಲ.

ಆಮೇಲೆ ಅವಳು ನಿಧಾನವಾಗಿ, "ಇದು ನಾನು," ಎಂದಳು.

ಚಾಯೋಂಗ್ ಓಡಿಬಂದು ಅವಳನ್ನು ತಬ್ಬಿಕೊಂಡಳು. "ಅಯ್ಯೋ ನನ್ನ ತಾಯಿ! ಗಂಡನ ಮಾನ ಉಳಿಸೋಕೆ ಎಂಥಾ ಮಾತಾಡ್ತೀಯೇ!"

"ಮಾನ ಅಲ್ಲ ಕಣೇ. ನಾನೇ. ಹೆನ್ಯೋನ ಸ್ಟುಡಿಯೋದಲ್ಲಿ ತೆಗೆಸಿದ್ದು."

"ಲೂಮಿಂಗ್," ಎಂದ ತೆಬಾನ್ ಮುಂದೆ ಬಂದು, "ಇವನಿಗೆ ಹೆದರಬೇಡ. ಅಣ್ಣ ಇದೀನಿ. ನಿಜ ಹೇಳು."

"ನಿಜಾನೇ ಹೇಳ್ತಿದೀನಿ ಅಣ್ಣ. ನೀನೇ ನೋಡು. ಆ ಬಾಯಿ ನಂದಲ್ವಾ?"

ತೆಬಾನ್ ಕತ್ತೆತ್ತಿ ನೋಡಿದ. ಪ್ರಾಮಾಣಿಕ ಮನುಷ್ಯ. ತಂಗಿ ಹುಟ್ಟಿದ ದಿನದಿಂದ ಆ ಬಾಯಿ ಅಳುವುದನ್ನೂ ಬೈಯುವುದನ್ನೂ ನೋಡಿದವನು. "ಇಲ್ಲಮ್ಮ," ಎಂದ, "ನಿಂದಲ್ಲ."

ಜನ ಲೊಚಗುಟ್ಟಿದರು. "ಪಾಪ," "ಎಂಥಾ ಹೆಂಡ್ತಿ," "ಇಂಥವನಿಗೆ," ಎಂಬ ಮಾತುಗಳು ಬಂದವು. ತನ್ನ ಚಿತ್ರದ ಕೆಳಗೆ ನಿಂತು ಅದು ತಾನೆಂದು ಹೇಳಿದರೆ ಒಬ್ಬರೂ ನಂಬದ ಪರಿಸ್ಥಿತಿ ಲೂಮಿಂಗಳದು. ಅವಳು ಸುತ್ತ ನೋಡಿದಳು. ಗಂಡನನ್ನು ನೋಡಿದಳು. ಚೀಲವನ್ನು ಅವನ ಕೈಗೆ ತುರುಕಿ ಒಳಗೆ ಹೋದಳು.

ಹೊರಗೆ ಬಂದಾಗ ಆ ಉಡುಪು ತೊಟ್ಟಿದ್ದಳು.

ಬಸ್ಸಿನ ಧೂಳು ಹಿಡಿದ ಕೂದಲು ಹಾಗೇ ಇತ್ತು. ಬಟನ್ ಒಂದು ತಪ್ಪು ತೂತಿಗೆ ಹೋಗಿತ್ತು. ಅವಳು ಬಂದು ಫ್ಲೆಕ್ಸಿನ ಕೆಳಗೆ, ಬಿಸಿಲಿನಲ್ಲಿ ನಿಂತಳು. ಜನ ಮೇಲೆ ನೋಡಿದರು, ಕೆಳಗೆ ನೋಡಿದರು, ಮತ್ತೆ ಮೇಲೆ. ಬಿಸಿಲು ಬಟ್ಟೆಯೊಳಗಿಂದ ಹಾಯ್ದು ಎದೆಯಿಂದ ಪಾದದವರೆಗೆ ಮಲ್ಲಿಗೆ ಬಳ್ಳಿ ಎದ್ದು ನಿಂತಿತು. ಮೊಗ್ಗು, ಅರೆಬಿರಿದದ್ದು, ಪೂರ್ತಿ ಬಿರಿದದ್ದು, ಒಂದು ಕಡೆ ಉದುರಿದ ಎಸಳು ಕೂಡ.

ಚಾಯೋಂಗ್ ಹತ್ತಿರ ಬಂದು ತೋಳನ್ನು ಬೆರಳಲ್ಲಿ ಹಿಡಿದಳು. "ಹೂವೆಲ್ಲ ಇಲ್ಲೇ ಇದೆ! ಕಿತ್ತಿಲ್ಲ!"

"ಕಿತ್ತಿಲ್ಲ," ಎಂದಳು ಲೂಮಿಂಗ್. "ಒರೆಸಿದಾರೆ."

ತೆಬಾನ್ ತಂಗಿಯ ಮುಖವನ್ನೂ ಫ್ಲೆಕ್ಸಿನ ಮುಖವನ್ನೂ ಒಟ್ಟಿಗಿಟ್ಟು ನೋಡಿ, ಕಿವಿಯ ಹತ್ತಿರ ತಡೆದು ನಿಂತ. "ಕಿವಿ ನಿಂದೇ," ಎಂದ, ತಪ್ಪೊಪ್ಪಿಗೆಯ ದನಿಯಲ್ಲಿ. ಅಷ್ಟು ಸಾಕಾಯಿತು. ಜನರಿಗೆ ಎಲ್ಲವೂ ಅರ್ಥವಾಯಿತು. ಅರ್ಥವಾದ ಮೇಲೆ ನಗಬಹುದೆಂದು ಪ್ಲಾಸಿದೊ ಕಾದ. ಯಾರೂ ನಗಲಿಲ್ಲ. ಚಾಯೋಂಗ್ ತನ್ನ ಗೇಟಿನ ಕಡೆ ಒಂದು ಕ್ಷಣ ನೋಡಿ ಕಣ್ಣು ತಿರುಗಿಸಿದಳು. ಕಪಿತಾನನಿಗೆ ಕಚೇರಿಯಲ್ಲಿ ತುರ್ತು ಕೆಲಸ ನೆನಪಾಯಿತು. ಕುರ್ಚಿಗಳು ಒಂದೊಂದಾಗಿ ಒಳಗೆ ಹೋದವು.

ಅಂಗಡಿಯೊಳಗೆ ಗಂಡ ಹೆಂಡತಿ ಇಬ್ಬರೇ ಉಳಿದರು. ಲೂಮಿಂಗ್ ಅದೇ ಉಡುಪಿನಲ್ಲಿ ಸ್ಟೂಲಿನ ಮೇಲೆ ಕೂತಳು.

"ಮಚ್ಚೆ ತೆಗಿಯೋವಾಗ ನೀನು ಅಲ್ಲೇ ಇದ್ದೆಯಾ?"

"ಇದ್ದೆ."

"ಮೂಗು?"

"ಇದ್ದೆ."

"ತೋಳು, ಕುತ್ತಿಗೆ?"

"ಕುತ್ತಿಗೆ ನಾನೇ ಹೇಳಿದ್ದು," ಎಂದ ಪ್ಲಾಸಿದೊ. ಸುಳ್ಳು ಹೇಳುವಷ್ಟು ಬುದ್ಧಿ ಆ ಹೊತ್ತಿಗೆ ಉಳಿದಿರಲಿಲ್ಲ.

"ಎಲ್ಲೂ ಒಂದು ಕಡೆ ‘ಸಾಕು’ ಅಂತ ಅನ್ನಿಸಲಿಲ್ವಾ?"

ಅವನು ನಿಜವಾಗಿ ಯೋಚಿಸಿದ. "ಕಿವಿ ಹತ್ರ ಬಂದಾಗ ಅವನಿಗೆ ಊಟಕ್ಕೆ ಹೊತ್ತಾಯ್ತು," ಎಂದ.

ಲೂಮಿಂಗ್ ನಗಲು ಹೋದಳು, ಆಗಲಿಲ್ಲ. ಮಡಿಲಲ್ಲಿದ್ದ ಬಟ್ಟೆಯನ್ನು ಹೆಬ್ಬೆರಳಿನಿಂದ ಸವರುತ್ತ ಕೂತಳು. ಸೂಜಿ ತಾಗಿ ತಾಗಿ ಗಟ್ಟಿಯಾದ ಹೆಬ್ಬೆರಳು.

"ಮುಖ ಹೋದ್ರೆ ಹೋಗ್ಲಿ. ಅದು ಅಪ್ಪ ಅಮ್ಮ ಕೊಟ್ಟಿದ್ದು, ನನ್ನದೇನೂ ಹೆಚ್ಚುಗಾರಿಕೆ ಇಲ್ಲ. ಹೂವು ನಾನು ಮಾಡಿದ್ದಲ್ವಾ? ಅದು ಹೋಗೋವಾಗಲೂ ನಿನಗೆ ಕಾಣಲಿಲ್ವಾ?"

ಪ್ಲಾಸಿದೊ ಬಾಗಿಲಲ್ಲಿ ಕೂತು ಇಷ್ಟು ವರ್ಷ ಎಲ್ಲದರ ಬಗ್ಗೆಯೂ ಅಭಿಪ್ರಾಯ ಹೇಳಿದವನು. ಅಂದು ಎದ್ದು ಏಣಿ ತಂದ. ಹಗ್ಗ ಬಿಚ್ಚಿದ. ಉದ್ದ ಕುತ್ತಿಗೆಯ ಹೆಂಗಸು ಮಡಚಿಕೊಂಡು ಅವನ ತಲೆಯ ಮೇಲೇ ಬಿದ್ದಳು. ಅವಳ ಕೆಳಗಿಂದ ಹೊರಬರಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಒಂದು ವಾರದ ಮೇಲೆ ಲೂಮಿಂಗ್ ತಾನಾಗಿಯೇ, "ಆ ಮೊದಲ ಫೋಟೋ ಅವನ ಹತ್ರ ಇದೆಯಾ?" ಎಂದು ಕೇಳಿದಳು.

ಇತ್ತು. ಹೆನ್ಯೋ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದ. ಪರದೆಯ ತುಂಬ ಲೂಮಿಂಗ್, ಬೆಕ್ಕನ್ನು ನೋಡಿ ನಗುತ್ತಿದ್ದವಳು. ಮೂವರೂ ಪರದೆಯ ಕಡೆ ಬಾಗಿ ನೋಡಿದರು. ಸಭೆಯಲ್ಲಿ ಹೇಳಿದ ಸುಳ್ಳಿನಿಂದ ಮೆತ್ತಗಾಗಿದ್ದ ಹೆನ್ಯೋ, "ಈ ಸಲ ಏನೂ ಮುಟ್ಟಲ್ಲಮ್ಮ," ಎಂದ.

ಲೂಮಿಂಗ್ ಪರದೆಗೆ ಇನ್ನಷ್ಟು ಹತ್ತಿರ ಬಾಗಿದಳು. "ಇಲ್ಲಿ, ಕಣ್ಣಿನ ಕೆಳಗೆ... ಸ್ವಲ್ಪ ದಣಿದ ಹಾಗೆ ಕಾಣ್ತೀನಿ ಅಲ್ವಾ?"

ಹೆನ್ಯೋನ ಕೈ ತಾನಾಗಿ ಮೌಸಿನ ಕಡೆ ಹೋಯಿತು.

"ಮುಟ್ಟಬೇಡ!" ಎಂದು ಪ್ಲಾಸಿದೊ ಎಷ್ಟು ಜೋರಾಗಿ ಕೂಗಿದನೆಂದರೆ, ಹೊರಗೆ ಪಾಸ್‌ಪೋರ್ಟ್ ಫೋಟೋಗೆ ಕಾದಿದ್ದ ಮುದುಕನೊಬ್ಬ ಎರಡೂ ಕೈ ಮೇಲೆತ್ತಿದ.

"ನೀನ್ಯಾಕೆ ಕೂಗ್ತೀಯ? ಮುಖ ನಂದು," ಎಂದಳು ಲೂಮಿಂಗ್.

"ನಿಂದೇ. ಅದಕ್ಕೇ."

"ಅದಕ್ಕೇ ನಾನು ಹೇಳ್ತೀನಿ, ನೀನಲ್ಲ. ಅವತ್ತು ತೆಗಿ ಅಂದವನೂ ನೀನೇ, ಇವತ್ತು ಬಿಡು ಅನ್ನೋನೂ ನೀನೇನಾ? ಹೋಗಿ ಹೊರಗೆ ಕೂತ್ಕೋ."

ನ್ಯಾಯವಾದ ಮಾತು. ಪ್ಲಾಸಿದೊ ಹೊರಗೆ ಹೋಗಿ ಮುದುಕನ ಪಕ್ಕ ಬೆಂಚಿನ ಮೇಲೆ ಕೂತ. ಒಳಗೆ ಪಿಸುಮಾತು, ಯಂತ್ರದ ಸದ್ದು. ಯಾವ ಹೆಂಡತಿ ಹೊರಗೆ ಬರುತ್ತಾಳೋ ಎಂದು ತಿಳಿಯದೆ ಉಗುರು ಕಚ್ಚಿದ. ಲೂಮಿಂಗ್ ಫ್ಲೆಕ್ಸನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದಳು. ತೋರಿಸಲಿಲ್ಲ. ಅವನೂ ಕೇಳುವ ಧೈರ್ಯ ಮಾಡಲಿಲ್ಲ.

ಏಣಿಯ ಮೇಲೆ ನಿಂತು ಮೇಲಿನ ಹಗ್ಗ ಕಟ್ಟಿ ಸುರುಳಿ ಬಿಟ್ಟಾಗ, ಅಷ್ಟು ಹತ್ತಿರದಿಂದ ಅವನಿಗೆ ಮುಖವಾಗಿ ಏನೂ ಕಾಣಲಿಲ್ಲ. ಕಂಡದ್ದು ಬರೀ ಹೊಲಿಗೆ. ಅಕ್ಕಿಕಾಳಿನಷ್ಟು ದೊಡ್ಡದಾದ ಒಂದೊಂದು ಹೊಲಿಗೆ, ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಇನ್ನೊಂದು, ಫ್ಲೆಕ್ಸಿನ ಅಂಚಿನವರೆಗೆ. ಒಂದು ಎಸಳಿಗೆ ಇಷ್ಟೊಂದು ಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಏಣಿಯ ಮೇಲೆಯೇ ಸುಮ್ಮನೆ ನಿಂತುಬಿಟ್ಟ.

"ಬಿಸಿಲಿಗೆ ತಲೆ ಸುತ್ತಿತಾ? ಇಳಿದು ನೋಡು," ಎಂದಳು ಕೆಳಗಿನಿಂದ ಲೂಮಿಂಗ್.

ಇಳಿದು ನೋಡಿದ. ಕಣ್ಣಿನ ಕೆಳಗಿನ ದಣಿವು ಹಾಗೇ ಇತ್ತು. ಎಲ್ಲವೂ ಹಾಗೇ ಇತ್ತು. ಅವನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವ ಮೊದಲೇ ಚಾಯೋಂಗ್ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಹೊರಗೆ ಬಂದಳು. ಸೊಂಟದ ಮೇಲೆ ಕೈಯಿಟ್ಟು ಫ್ಲೆಕ್ಸನ್ನು ನೋಡಿದಳು. ಹುಬ್ಬು ಗಂಟಾಯಿತು. ಲೂಮಿಂಗಳ ಕಡೆ ತಿರುಗಿ ಅವಳ ಮುಖವನ್ನು ದಿಟ್ಟಿಸಿ, ಮತ್ತೆ ಚಿತ್ರ ನೋಡಿದಳು.

"ಆ ಹೆನ್ಯೋ ಮತ್ತೆ ಕೈಯಾಡಿಸಿದಾನೆ ನೋಡು, ದರಿದ್ರದವನು," ಎಂದಳು ಸಿಟ್ಟಿನಿಂದ. "ಈ ಸಲ ಕೆಟ್ಟದಾಗಿ ಮಾಡಿಟ್ಟಿದಾನೆ. ಇದು ನಿನ್ನ ಥರ ಎಲ್ಲಿದೆ? ನೀನು ಇದಕ್ಕಿಂತ ಎಷ್ಟೋ ಲಕ್ಷಣವಾಗಿದೀಯ ಕಣೇ."

ಲೂಮಿಂಗ್ ಫ್ಲೆಕ್ಸಿನ ಕೆಳಗಿನ ಹಗ್ಗ ಸಡಿಲವಾಗಿದೆಯೆಂದು ಬೆನ್ನು ತಿರುಗಿಸಿ ನಿಂತು, ಬಿಗಿಯಾಗಿಯೇ ಇದ್ದ ಗಂಟನ್ನು ಬಿಚ್ಚಿ, ಬಹಳ ಹೊತ್ತು ಮತ್ತೆ ಕಟ್ಟಿದಳು.